ಉಪಗ್ರಹ ಹಾರಿದ ದಿನದ ಟ್ಯಾಂಕರ್ ನೀರು

ವಯಸ್ಸಾದ ಹಾಗೆ ಸಿಟ್ಟು ಇಳಿಯುತ್ತದೆ ಎಂದು ಹಲವರು ನನಗೆ ಹೇಳಿದ್ದಾರೆ. ನನ್ನದು ಇಳಿದಿಲ್ಲ. ಟಿ.ವಿ.ಯಲ್ಲಿ ರಾಕೆಟ್ ಹಾರುವುದನ್ನು ತೋರಿಸಿದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ರಾಕೆಟ್ಟಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಹಾಗೆ ನೋಡಿದರೆ ಅದನ್ನು ನನ್ನಷ್ಟು ಪ್ರೀತಿಯಿಂದ ಕಲಿಸಿದವರು ನಾನು ಕೆಲಸ ಮಾಡಿದ ತಾಲೂಕಿನಲ್ಲಿ ಕಡಿಮೆ ಎಂದೇ ನನ್ನ ಭಾವನೆ.

ಈ ಸಂಗತಿ ನಡೆದಾಗ ನಾನು ಬೀದರ ಜಿಲ್ಲೆಯ ಔರಾದ ತಾಲೂಕಿನ ಒಂದು ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ಹುಟ್ಟಿ ಬೆಳೆದದ್ದು ಭಾಲ್ಕಿ. ನೌಕರಿ ಸಿಕ್ಕ ಮೇಲೆ ಅವ್ವನನ್ನು ಕರೆದುಕೊಂಡು ಔರಾದಿನಲ್ಲಿ ಬಾಡಿಗೆ ಮನೆ ಹಿಡಿದು, ದಿನಾ ಬಸ್ಸಿನಲ್ಲಿ ಹಳ್ಳಿಗೆ ಹೋಗಿ ಬರುತ್ತಿದ್ದೆ. ಮಳೆ ಸತತವಾಗಿ ಕೈಕೊಟ್ಟ ಕಾಲ ಅದು. ಬಸ್ಸು ಮಾಂಜ್ರಾ ನದಿಯ ಸೇತುವೆ ದಾಟುವಾಗ ಯಾರೂ ಕಿಟಕಿಯಿಂದ ಕೆಳಗೆ ನೋಡುತ್ತಿರಲಿಲ್ಲ. ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ. ಉದ್ದು ಹೂವಿನಲ್ಲೇ ಒಣಗಿತು, ತೊಗರಿ ಕಾಯಿ ಕಟ್ಟಲಿಲ್ಲ. ದೀಪಾವಳಿ ಮುಗಿದದ್ದೇ ತಡ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಜನರನ್ನು ತುಂಬಿಕೊಂಡು ಹೋಗುವ ಲಾರಿಗಳು ಹಳ್ಳಿಯ ಅಗಸಿ ಬಾಗಿಲಿಗೆ ಬಂದು ನಿಲ್ಲತೊಡಗಿದವು. ತಂದೆ ತಾಯಿಯ ಜೊತೆಗೆ ಮಕ್ಕಳೂ ಲಾರಿ ಹತ್ತುತ್ತಿದ್ದರು. ಸೋಮವಾರ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರುತ್ತಿರಲಿಲ್ಲ, ಪಕ್ಕದವಳು ಎದ್ದು ನಿಂತು, "ಹೋದ್ಳ್ರಿ ಟೀಚರ್" ಅನ್ನುತ್ತಿದ್ದಳು. ಮುಂದಿನ ವಾರ ಹಾಗೆ ಹೇಳಿದವಳೂ ಇರುತ್ತಿರಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಹೋಗದೆ ಉಳಿದವರಲ್ಲಿ ಕುರಿ ಸಾಕುವ ಮನೆಯ ಒಬ್ಬ ಹುಡುಗಿ ಇದ್ದಳು. ಮೇವಿಲ್ಲದೆ ಕುರಿಗಳನ್ನೆಲ್ಲ ಮಾರಿ ಅವಳ ತಂದೆ ತಾಯಿ ಹೈದರಾಬಾದಿಗೆ ಹೋಗಿದ್ದರು. ಅವಳನ್ನು ಉಳಿಸಿಕೊಂಡದ್ದು ಅವಳ ಅಜ್ಜಿ. ಎತ್ತರದ, ಒಣಕಲು ಮೈಯ, ದೊಡ್ಡ ದನಿಯ ಹೆಂಗಸು. ಶಾಲೆಗೇ ಬಂದು ನನ್ನ ಎದುರು ನಿಂತು ಹೇಳಿದ್ದಳು: "ಟೀಚರಬಾಯಿ, ಅವ್ರು ಇಬ್ರೂ ಹೋಗ್ಲಿ. ಪೋರಿ ಸಾಲಿ ಕಲೀತೇನಂತದ. ನಾ ಇಟ್ಕೋತೇನಿ. ನೀವು ಜರಾ ಕಲಸ್ರಿ."

ಆ ಹುಡುಗಿಗೆ ಉಪಗ್ರಹದ ಪಾಠ ಹಿಡಿಸಿಬಿಟ್ಟಿತ್ತು. ಊರಿನಲ್ಲಿ ಯಾರ ಮನೆಯ ಮೇಲೆ ಡಿಶ್ ಇದ್ದರೂ ಎಲ್ಲವೂ ತೆಂಕಲಿಗೇ ಮುಖ ಮಾಡಿರುತ್ತವೆ ಎಂಬುದನ್ನು ಅವಳು ಗಮನಿಸಿದ್ದಳು. ಯಾಕೆಂದು ಕೇಳಿದಳು. ಭೂಮಧ್ಯರೇಖೆಯ ಮೇಲೆ, ಬಹಳ ಎತ್ತರದಲ್ಲಿ, ಭೂಮಿ ಒಂದು ಸುತ್ತು ತಿರುಗುವಷ್ಟೇ ಹೊತ್ತಿಗೆ ತಾನೂ ಒಂದು ಸುತ್ತು ಬರುವ ಉಪಗ್ರಹ ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ ಎಂದು ಗೋಲ ಇಟ್ಟು ವಿವರಿಸಿದೆ.

"ಅಷ್ಟು ಮ್ಯಾಲಿದ್ದದ್ದು ಬೀಳಂಗಿಲ್ಲೇನ್ರಿ ಟೀಚರ್?"

"ಬೀಳ್ಲತ್ತದ. ಹಗಲೂ ರಾತ್ರಿ ಬೀಳ್ಲತ್ತದ. ಆದ್ರ ಎಷ್ಟು ಜೋರಿಲೆ ಮುಂದ ಹೊಂಟದಂದ್ರ, ಬೀಳೂದ್ರಾಗ ಕೆಳಗಿನ ಭೂಮಿನೇ ಬಾಗಿ ಸರೀತದ. ಹಂಗಾಗಿ ಮುಟ್ಟಂಗಿಲ್ಲ."

ಅವಳು ಗೋಲವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡಿದಳು. ಆಮೇಲೆ ನಕ್ಕಳು. ಆ ನಗುವಿಗಾಗಿಯೇ ನಾನು ಮಾಸ್ತರಿಕೆ ಮಾಡುತ್ತಿದ್ದೆ.

ಹೀಗಿರುವಾಗ ಒಂದು ದಿನ ಹೆಡ್ ಮಾಸ್ತರರು ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ. ನಿವೃತ್ತಿ ಹತ್ತಿರ ಬಂದಿತ್ತು, ಕಾಗದ ಅಲುಗಾಡಿದರೂ ಹೆದರುತ್ತಿದ್ದರು. ಅವರ ಎದುರಿಗೆ ಬೆಂಗಳೂರಿನಿಂದ ಬಂದ ಒಬ್ಬ ತರುಣ ಕುಳಿತಿದ್ದ. ಟಿ.ವಿ. ಚಾನೆಲ್ಲುಗಳನ್ನು ಡಿಶ್ ಮೂಲಕ ಮನೆಮನೆಗೆ ಕೊಡುವ ಒಂದು ಕಂಪನಿಯವನು. ಅವರ ಚಾನೆಲ್ಲುಗಳನ್ನು ಹೊರುವ ಹೊಸ ಉಪಗ್ರಹವೊಂದು ಸಮುದ್ರದಾಚೆಯ ದೇಶದಿಂದ ಹಾರುವುದಿತ್ತು. ಅಲ್ಲಿ ಬೆಳಿಗ್ಗೆ, ನಮಗೆ ಸಂಜೆ. ಆ ದಿನ ನಮ್ಮ ಶಾಲೆಗೆ ಒಂದು ದೊಡ್ಡ ಟಿ.ವಿ., ಒಂದು ಡಿಶ್ ಪುಕ್ಕಟೆ ಕೊಡುತ್ತಾರೆ, ಮೈದಾನದಲ್ಲಿ ಪರದೆ ಕಟ್ಟಿ ಉಡಾವಣೆಯನ್ನು ನೇರವಾಗಿ ತೋರಿಸುತ್ತಾರೆ, ಮುಖಂಡರು ಬರುತ್ತಾರೆ, ಅಧಿಕಾರಿಗಳು ಬರುತ್ತಾರೆ ಎಂದು ಅವನು ಹೇಳಿದ.

ಖುಷಿಯಾಗಿ, "ನಮ್ಮ ಸಾಲಿನೇ ಯಾಕ ಆರಿಸಿದ್ರಿ?" ಎಂದು ಕೇಳಿದೆ.

"ಬರದ ತಾಲೂಕು ಅಂತಾನೇ ಮೇಡಂ. ಸ್ಟೋರಿ ಇರೋದೇ ಅದರಲ್ಲಿ" ಎಂದ.

ಆ ಮಾತು ಮುಳ್ಳಿನಂತೆ ತಾಗಿತು. ಆದರೂ ನುಂಗಿಕೊಂಡೆ. ಮಕ್ಕಳು ರಾಕೆಟ್ ನೋಡುತ್ತಾರಲ್ಲ, ಅದು ದೊಡ್ಡದು ಅಂದುಕೊಂಡೆ. ವಾರವಿಡೀ ತಯಾರಿ ಮಾಡಿಸಿದೆ. ರಟ್ಟಿನಲ್ಲಿ ರಾಕೆಟ್ ಮಾಡಿದೆವು, ಯಾವ ಹಂತ ಯಾವಾಗ ಕಳಚಿ ಬೀಳುತ್ತದೆ ಎಂದು ತೋರಿಸಲು ಅದನ್ನು ಮೂರು ತುಂಡು ಮಾಡಿ ಒಂದಕ್ಕೊಂದು ಸಿಕ್ಕಿಸಿದೆವು. ಕುರಿ ಮನೆಯ ಹುಡುಗಿ ಆ ರಾಕೆಟ್ಟಿಗೆ ಬೂದಿ ಬಣ್ಣ ಬಳಿದಳು.

ಮುನ್ನಾ ದಿನ ಹೆಡ್ ಮಾಸ್ತರರು ತಲೆ ತಗ್ಗಿಸಿಕೊಂಡು ಬಂದರು.

"ಬಾಯಾರ, ನಾಳಿ ಭಾಲ್ಕಿಯಿಂದ ಒಂದು ಪ್ರೈವೇಟ್ ಸಾಲಿ ಮಕ್ಕಳು ಬಸ್ಸಿನಾಗ ಬರ್ತಾರ. ಅವ್ರಿಗಿ ಮುಂದ ಕೂಡಿಸ್ಬೇಕಂತ."

"ನಮ್ಮ ಮಕ್ಕಳು?"

"ಹಿಂದ ಕೂಡ್ಲಿ ಬಿಡ್ರಿ. ಬೆಂಚ್ ಖಾಲಿ ಕಾಣಬಾರ್ದಂತ ಕಂಪನಿಯವ್ರು ಹೇಳ್ಯಾರ. ನಮ್ಮ ಮಕ್ಕಳ ಯೂನಿಫಾರ್ಮ್ ಸುದಾ ಬಣ್ಣ ಹೋಗ್ಯಾವ."

"ಬೆಂಚ್ ಯಾಕ ಖಾಲಿ ಅವ ಅಂತ ಅವ್ರು ಕೇಳಿಲ್ಲೇನ್ರಿ ಸರ್?"

"ನನಗ ಒಂದು ವರ್ಷ ಉಳದದ. ಜರಾ ಸಂಭಾಳಿಸ್ಕೊಂಡು ಹೋಗ್ರಿ" ಎಂದರು. ಕೈ ಮುಗಿಯುವುದೊಂದು ಬಾಕಿ.

ಆ ಸಂಜೆ ಮನೆಗೆ ಬಂದು ಅವ್ವನ ಮುಂದೆ ಕೂಗಾಡಿದೆ. ಅವ್ವ ಕೇಳಿಸಿಕೊಂಡು, "ನಾಳಿ ನೀ ಎಲ್ಲಿ ಕೂಡ್ತಿ?" ಎಂದಳು. "ನಮ್ಮ ಮಕ್ಕಳ ಜೋಡಿ, ಹಿಂದ" ಎಂದೆ. "ಹಂಗಾರ ಆಯ್ತು" ಎಂದು ರೊಟ್ಟಿ ಬಡಿಯಲು ಹೋದಳು.

ಉಡಾವಣೆಯ ದಿನ ಮಧ್ಯಾಹ್ನದಿಂದಲೇ ಗಾಳಿ ಎದ್ದಿತು. ಮೈದಾನದ ತುಂಬ ಧೂಳು. ಕುರ್ಚಿ ಹಾಕಿದರೆ ಕುರ್ಚಿಯ ಮೇಲೆ ಧೂಳು, ಬಿಳಿ ಪರದೆ ಕಟ್ಟಿದರೆ ಪರದೆಯ ಮೇಲೆ ಧೂಳು. ಕಂಪನಿಯ ತರುಣ ಫೋನು ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ನಾನು ತರಗತಿಯಲ್ಲಿ ಮಕ್ಕಳನ್ನು ಸಾಲು ಮಾಡುತ್ತಿದ್ದೆ. ಆಗ ಟ್ಯಾಂಕರಿನ ಸದ್ದು ಕೇಳಿತು.

ಊರಿಗೆ ಕುಡಿಯುವ ನೀರು ತರುತ್ತಿದ್ದ ಟ್ಯಾಂಕರ್ ಅದು. ಎಲ್ಲರಿಗೂ ಅದರ ಸದ್ದು ಗೊತ್ತು. ಅದು ಬರುವ ಮೊದಲೇ ಹೆಂಗಸರು ಹನುಮಾನ ಗುಡಿಯ ಮುಂದೆ ಕೊಡಗಳನ್ನು ಸಾಲಾಗಿ ಇಟ್ಟು ಕಾಯುತ್ತಿದ್ದರು. ಆವತ್ತು ಅದು ಗುಡಿಯ ಮುಂದೆ ನಿಲ್ಲಲಿಲ್ಲ. ನೇರವಾಗಿ ಶಾಲೆಯ ಗೇಟಿನೊಳಗೆ ಬಂತು. ಅದರ ಹಿಂಭಾಗಕ್ಕೆ ಸಾಲು ತೂತು ಕೊರೆದ ಒಂದು ಕಬ್ಬಿಣದ ಪೈಪು ಕಟ್ಟಿದ್ದರು. ಯಾರೋ ವಾಲ್ ತಿರುಗಿಸಿದರು. ನೀರು ಬಾಚಣಿಗೆಯ ಹಲ್ಲಿನ ಹಾಗೆ ನೆಲಕ್ಕೆ ಸುರಿಯತೊಡಗಿತು. ಟ್ಯಾಂಕರ್ ಮೆಲ್ಲಗೆ ಮೈದಾನದ ಸುತ್ತ ಹೊರಟಿತು.

ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಒಂದು ಕ್ಷಣ ನನಗೆ ಏನಾಗುತ್ತಿದೆ ಎಂದೇ ಹೊಳೆಯಲಿಲ್ಲ. ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ಕಾಲದಿಂದ ಆ ವಾಸನೆಗೆ ಕಾದಿದ್ದೆವು. ಅದು ಹೀಗೆ ಬರಬಾರದಿತ್ತು.

ಟ್ಯಾಂಕರಿನ ಹಿಂದೆಯೇ ಹೆಂಗಸರು ಬಂದರು. ಸೊಂಟದಲ್ಲಿ ಕೊಡ, ತಲೆಯ ಮೇಲೆ ಕೊಡ. ಎಲ್ಲರಿಗಿಂತ ಮುಂದೆ ನಮ್ಮ ಹುಡುಗಿಯ ಅಜ್ಜಿ. ಅವಳು ಓಡುತ್ತಿರಲಿಲ್ಲ. ಬಿರಬಿರನೆ ನಡೆದು ಟ್ಯಾಂಕರಿನ ಎದುರಿಗೆ ಹೋಗಿ ನಿಂತಳು. ಡ್ರೈವರ್ ಬ್ರೇಕ್ ಹಾಕಿದ.

"ನಿಲ್ಸೋ ತಮ್ಮಾ. ಮಣ್ಣಿಗಿ ನೀರಡಿಕಿ ಆಗ್ಯಾದೇನು?"

"ನನಗ ಹೇಳ್ಯಾರ ಆಯಿ. ನಾ ಏನ್ ಮಾಡ್ಲಿ?" ಎಂದ ಡ್ರೈವರ್. ಅವನೂ ಪಕ್ಕದ ಊರಿನವನೇ.

ಟ್ಯಾಂಕರ್ ನಿಂತಿತ್ತು, ನೀರು ನಿಂತಿರಲಿಲ್ಲ. ಹಿಂದಿನಿಂದ ಒಂದೇ ಜಾಗದಲ್ಲಿ ಸುರಿದು ಕೆಸರಾಗುತ್ತಿತ್ತು. ತಾಲೂಕಿನಿಂದ ಬಂದಿದ್ದ ಒಬ್ಬ ಅಧಿಕಾರಿ ಕೈ ಬೀಸುತ್ತ ಬಂದರು. ಕಂಪನಿಯ ತರುಣ ನನ್ನ ಹತ್ತಿರ ಓಡಿ ಬಂದ. "ಮೇಡಂ, ಇವರಿಗೆ ನೀವಾದ್ರೂ ಹೇಳಿ. ಒಂದು ಟ್ಯಾಂಕರ್ ತಾನೇ, ನಾಳೆ ಬರತ್ತೆ. ಲೀಡರ್ ಇನ್ನೇನು ಬಂದುಬಿಡ್ತಾರೆ. ಈ ಧೂಳಲ್ಲಿ ಅವರನ್ನ ಹೇಗೆ ಕೂರಿಸೋದು?"

ನಾನು ಮೈದಾನ ದಾಟಿ, ಟ್ಯಾಂಕರಿನ ಹಿಂದೆ ಹೋಗಿ, ಎರಡೂ ಕೈಯಿಂದ ಹಿಡಿದು ಆ ವಾಲ್ ತಿರುಗಿಸಿದೆ. ತುಕ್ಕು ಹಿಡಿದಿತ್ತು, ಅಂಗೈ ಗೀರಿತು. ಸೀರೆಯೆಲ್ಲ ಕೆಸರಾಯಿತು. ನೀರು ನಿಂತಿತು.

ಅಧಿಕಾರಿ ಕೂಗಿದರು: "ಏನ್ ಮಾಡ್ಲತೀರಿ ನೀವು? ಸರ್ಕಾರಿ ನೌಕರಿಯಾಗ ಇದ್ದೀರಿ ಅಂಬೋದು ಖಬರ್ ಅದ ಇಲ್ಲ?"

"ಖಬರ್ ಅದರಿ ಸರ್" ಎಂದೆ. ಆಮೇಲೆ ಹೆಂಗಸರ ಕಡೆ ತಿರುಗಿ, "ಕೊಡ ಹಚ್ರಿ" ಎಂದೆ.

ಅಜ್ಜಿ ಆ ಅಧಿಕಾರಿಯನ್ನು ಬಿಡಲಿಲ್ಲ. ಖಾಲಿ ಕೊಡವನ್ನು ಸೊಂಟದಲ್ಲಿ ಇಟ್ಟುಕೊಂಡೇ, ಇಡೀ ಮೈದಾನಕ್ಕೆ ಕೇಳುವ ದನಿಯಲ್ಲಿ ಹೇಳಿದಳು:

"ಮಗಾ ಸೊಸಿ ಊರು ಬಿಟ್ಟ್ಯಾರ. ಕುರಿ ಹೋದ್ವು. ಕುಡಿಯೋ ನೀರ ನೀವು ನೆಲಕ್ಕ ಹಾಕ್ಲತೀರಿ. ನಿಮ್ಮ ಸಾಹೇಬನ ಬೂಟಿಗಿ ಧೂಳ ಹತ್ತಿದ್ರ ನಾ ನನ್ನ ಸೆರಗಿಲೆ ಒರಸ್ತೇನಿ. ನೀರ ನಮಗ ಬಿಡ್ರಿ."

ಸಮಾರಂಭದ ಸುದ್ದಿ ಮಾಡಲು ಒಂದು ಟಿ.ವಿ. ಚಾನೆಲ್ಲಿನಿಂದ ಬಂದಿದ್ದ ಕ್ಯಾಮೆರಾದವನು ಇದನ್ನೆಲ್ಲ ಚಿತ್ರೀಕರಿಸುತ್ತಿದ್ದ. ಅವನ ಜೊತೆಗಿದ್ದ ವರದಿಗಾರ ಬೀದರಿನ ಕಡೆಯವನು, ಅಜ್ಜಿಯ ಕಡೆಗೆ ಮೈಕು ಚಾಚಿ ನಿಂತಿದ್ದ. ಒಳ್ಳೆಯದೇ ಆಯಿತು, ಲೋಕವೂ ನೋಡಲಿ ಅಂದುಕೊಂಡೆ. ಹೆಂಗಸರು ಉಳಿದ ನೀರನ್ನು ಹಿಡಿದುಕೊಂಡರು. ಎಲ್ಲರಿಗೂ ಸಾಕಾಗಲಿಲ್ಲ. ಅಜ್ಜಿ ತನ್ನ ಕೊಡವನ್ನು ಎಲ್ಲರಿಗಿಂತ ಕೊನೆಗೆ ಹಚ್ಚಿದ್ದಳು, ಅದು ಅರ್ಧ ತುಂಬಿತು.

ಆಮೇಲೆ ಮುಖಂಡರು ಬಂದರು. ಹಾರ, ಶಾಲು, ಭಾಷಣ. ಭಾಲ್ಕಿಯ ಮಕ್ಕಳು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಮುಂದೆ ಕುಳಿತಿದ್ದರು. ಪಾಪ, ಅವರದೇನು ತಪ್ಪು. ನಾನು ಹಿಂದೆ, ನಮ್ಮ ಮಕ್ಕಳ ನಡುವೆ, ಕೆಸರು ಸೀರೆಯಲ್ಲಿ ಕುಳಿತೆ. ಪರದೆಯ ಮೇಲೆ ದೂರದ ಒಂದು ಹಸಿರು ದೇಶ ಕಾಣಿಸಿತು. ಕಾಡು, ಅದರಾಚೆ ಸಮುದ್ರ, ಬಿಳಿಯ ರಾಕೆಟ್. ಎಣಿಕೆ ಮುಗಿಯಿತು. ಬುಡದಲ್ಲಿ ಬೆಂಕಿ ಕಂಡು, ರಾಕೆಟ್ ಮೊದಲು ಒಲ್ಲದ ಮನಸ್ಸಿನಿಂದ ಎಂಬಂತೆ ಕದಲಿ, ಆಮೇಲೆ ಏರಿತು. ಅಷ್ಟು ಸಿಟ್ಟಿನಲ್ಲೂ ನನ್ನ ಕಣ್ಣು ತುಂಬಿತು. ಮನುಷ್ಯರು ಕೂಡಿ ಇಂಥದನ್ನು ಮಾಡಬಲ್ಲರು. ಇಷ್ಟು ಮಾಡಬಲ್ಲವರಿಗೆ ಒಂದು ಊರಿಗೆ ನೀರು ತರಲು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಯಾಕೆ ನಂಬಬೇಕು?

ಹುಡುಗಿ ನನ್ನ ಪಕ್ಕದಲ್ಲೇ ಇದ್ದಳು. ಮೊದಲ ಹಂತ ಕಳಚಿದಾಗ ನನ್ನ ಮೊಣಕೈ ಹಿಡಿದುಕೊಂಡಳು. ಉಪಗ್ರಹ ಬೇರ್ಪಟ್ಟಿತು ಎಂದು ಪರದೆಯಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ವರದಿಗಾರ ಮೈಕು ಹಿಡಿದುಕೊಂಡು ಹಿಂದಿನ ಸಾಲಿಗೂ ಬಂದು, ಹೇಗೆ ಅನಿಸಿತು ಎಂದು ಅವಳನ್ನು ಕೇಳಿದ.

"ಭಾಳ ಚೆಂದ ಅನಿಸ್ತ್ರಿ" ಎಂದಳು. ಆಮೇಲೆ ಮುಂದಿನ ಸಾಲುಗಳ ಕಡೆ ನೋಡಿ, "ನಮ್ಮ ಕ್ಲಾಸಿನವ್ರು ಭಾಳ ಮಂದಿ ಹೈದರಾಬಾದಿಗಿ ಹೋಗ್ಯಾರ್ರಿ. ಮುಂದ ಕುಂತವ್ರು ನಮ್ಮ ಸಾಲಿಯವ್ರಲ್ಲ" ಎಂದಳು. ಕಂಪನಿಯ ತರುಣ ಬಂದು ವರದಿಗಾರನ ತೋಳು ಹಿಡಿದು ಆ ಕಡೆ ಕರೆದುಕೊಂಡು ಹೋದ.

ಮರುದಿನ ಸಂಜೆ ಆ ಕಾರ್ಯಕ್ರಮ ಟಿ.ವಿ.ಯಲ್ಲಿ ಬಂತು. ನಾನು, ಅವ್ವ ಮನೆಯಲ್ಲಿ ಕುಳಿತು ನೋಡಿದೆವು. ಮುಖಂಡರು ಕಂಡರು. ಭಾಲ್ಕಿಯ ಮಕ್ಕಳು "ಗ್ರಾಮದ ಶಾಲೆಯ ವಿದ್ಯಾರ್ಥಿಗಳು" ಎಂಬ ಬರಹದೊಂದಿಗೆ ಕಂಡರು. ಹುಡುಗಿ "ಭಾಳ ಚೆಂದ ಅನಿಸ್ತ್ರಿ" ಎಂದಲ್ಲಿಗೆ ಅವಳ ಮಾತು ತುಂಡಾಯಿತು. ಆಮೇಲೆ ಹೆಂಗಸರು ಕಂಡರು. ಕೊಡ ಹೊತ್ತು ಗೇಟಿನೊಳಗೆ ಬರುತ್ತಿರುವ ಹೆಂಗಸರು, ಮುಂದೆ ಅಜ್ಜಿ, ಸೊಂಟದಲ್ಲಿ ಕೊಡ, ಬಾಯಿ ತೆರೆದು ಏನೋ ಹೇಳುತ್ತಿದ್ದಾಳೆ. ಅವಳ ದನಿ ಇಲ್ಲ. ಅದರ ಮೇಲೆ ಶಹನಾಯಿ ಹಾಕಿದ್ದರು. ಒಬ್ಬ ಹೆಣ್ಣುಮಗಳು ಹಿನ್ನೆಲೆಯಲ್ಲಿ ಇಂಪಾಗಿ ಹೇಳುತ್ತಿದ್ದಳು: ಬರದ ಬವಣೆಯನ್ನೂ ಮರೆತು, ಪೂರ್ಣಕುಂಭದೊಂದಿಗೆ ಸ್ವಾಗತ ಕೋರಿದ ಗ್ರಾಮದ ಮಹಿಳೆಯರು.

ಅವ್ವ ಎದ್ದು ಟಿ.ವಿ. ಬಂದ್ ಮಾಡಿದಳು. ಅವಳ ಮುಖ ಕಪ್ಪಾಗಿತ್ತು. ನನ್ನ ಅವ್ವ ಚಿಕ್ಕವಳಿದ್ದಾಗ ನಮ್ಮ ಜನ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಸೇದಿ ಮೇಲಿನಿಂದ ಹಾಕಲಿ ಎಂದು ಕೊಡ ಇಟ್ಟುಕೊಂಡು ದೂರ ನಿಂತು ಕಾಯಬೇಕಿತ್ತು. ಆ ವಿಷಯ ಅವಳು ಎಂದೂ ದೊಡ್ಡದಾಗಿ ಮಾತಾಡಿದವಳಲ್ಲ. ಆವತ್ತು ಮಾತ್ರ ಹೇಳಿದಳು: "ಕೊಡ ಹಿಡ್ಕೊಂಡು ನಿಂತವರ ಮಾರಿ ನನಗ ಗೊತ್ತಾಗ್ತದ. ಅದು ಸ್ವಾಗತ ಮಾಡೋ ಮಾರಿ ಅಲ್ಲ. ನೀ ಬೀದರಿಗಿ ಹೋಗಿ ಆ ಚಾನೆಲ್ಲಿನವ್ರಿಗಿ ಕೇಳು."

ಹಳ್ಳಿಗೆ ಹೋಗಿ ವಿಷಯ ಹೇಳಿದಾಗ ಅಜ್ಜಿಯೂ ಬರುತ್ತೇನೆ ಎಂದಳು. ರವಿವಾರ ಇಬ್ಬರೂ ಬಸ್ಸು ಹತ್ತಿ ಬೀದರಿಗೆ ಹೋದೆವು. ಆ ಚಾನೆಲ್ಲಿನ ಆಫೀಸು ಗಾಂಧಿ ಗಂಜಿನ ಧಾನ್ಯದ ಮಾರುಕಟ್ಟೆಯ ಹತ್ತಿರ ಒಂದು ಅಂಗಡಿಯ ಮೇಲಿನ ಖೋಲಿ. ಗಂಜಿನಲ್ಲಿ ಹಮಾಲರು ಕೆಲಸವಿಲ್ಲದೆ ಕೈಗಾಡಿಗಳ ಮೇಲೆ ಮಲಗಿದ್ದರು. ತೊಗರಿ ಬಂದಿದ್ದರೆ ತಾನೇ ಹೊರುವುದು.

ವರದಿಗಾರ ನಮ್ಮನ್ನು ನೋಡಿ ಎದ್ದು ನಿಂತ. ಬೀದರಿನ ಪಕ್ಕದ ಜನವಾಡದ ಹುಡುಗ, ಮಾತಿನಲ್ಲಿ ಮರ್ಯಾದೆ ಇತ್ತು.

"ಮೇಡಂ, ನಾ ಬರ್ದು ಕಳ್ಸಿದ್ದು ಬ್ಯಾರೇನೇ ಇತ್ತ್ರಿ. ಟ್ಯಾಂಕರ್ ಸುದ್ದಿ ಪೂರಾ ಬರ್ದಿದ್ದೆ. ಮ್ಯಾಲ ಬದ್ಲಿ ಮಾಡ್ಯಾರ. ಆ ಕಂಪನಿ ಜಾಹೀರಾತು ನಮ್ಗ ಬರ್ತಾವಲ್ರಿ."

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕೇಳಿದಳು: "ನನ್ನ ಮಾತು ಎಲ್ಲಿ ಇಟ್ಟೀರಿ?"

"ಏನಂದ್ರಿ ಆಯಿ?"

"ನಾ ಮಾತಾಡಿದ್ದು. ಬಾಯಿ ಕಾಣ್ತದಂತ, ಮಾತು ಇಲ್ಲಂತ. ಎಲ್ಲಿ ಇಟ್ಟೀರಿ ಅಂತ ಕೇಳ್ಲತ್ತೀನಿ."

ಆ ಹುಡುಗ ಬಾಗಿಲು ಮುಂದೆ ಮಾಡಿ, ಕಂಪ್ಯೂಟರಿನಲ್ಲಿ ಮೂಲ ಚಿತ್ರ ಹಚ್ಚಿದ. ಅಜ್ಜಿಯ ದನಿ ಆ ಸಣ್ಣ ಖೋಲಿಯಲ್ಲಿ ಮೊಳಗಿತು. ಬೂಟು, ಧೂಳು, ಸೆರಗು, ನೀರು, ಎಲ್ಲವೂ ಇತ್ತು. ಅಜ್ಜಿ ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

"ಬರೋಬರಿ ಹೇಳೀನಿ" ಎಂದಳು.

ಅವನು ಅದನ್ನು ನನ್ನ ಫೋನಿಗೆ ಹಾಕಿಕೊಟ್ಟ. "ನನ್ನ ಹೆಸರು ತಗೀಬ್ಯಾಡ್ರಿ" ಎಂದ. ಇವತ್ತಿಗೂ ಯಾರ ಮುಂದೆಯೂ ಅವನ ಹೆಸರೆತ್ತಿಲ್ಲ.

ನಾನು ಅದನ್ನು ಔರಾದಿನ ಇಬ್ಬರು ಶಿಕ್ಷಕಿಯರಿಗೆ ಕಳಿಸಿದೆ. ಅವರು ಇನ್ನೊಬ್ಬರಿಗೆ ಕಳಿಸಿದರು. ವಾರದೊಳಗೆ ತಾಲೂಕಿನ ಪ್ರತಿ ಚಹಾ ಅಂಗಡಿಯಲ್ಲೂ ಅಜ್ಜಿಯ ದನಿ ಕೇಳುತ್ತಿತ್ತು. ಹೈದರಾಬಾದಿನ ತಗಡಿನ ಶೆಡ್ಡಿನಲ್ಲಿ ಅವಳ ಮಗನೂ ಅದನ್ನು ನೋಡಿದನಂತೆ. ಊರಿಗೆ ಇನ್ನೊಂದು ಟ್ಯಾಂಕರ್ ಬರತೊಡಗಿತು. ಯಾರೂ ಕ್ಷಮೆ ಕೇಳಲಿಲ್ಲ. ಟ್ಯಾಂಕರ್ ಹೆಚ್ಚಿಸಿದ್ದು ಮುಖಂಡರ ವಿಶೇಷ ಕಾಳಜಿ ಎಂದು ಆ ಚಾನೆಲ್ಲೇ ಸುದ್ದಿ ಮಾಡಿತು.

ನನಗೆ ನೋಟಿಸು ಬಂತು. ಬೀದರಿನ ಕಚೇರಿಯಲ್ಲಿ ವಿಚಾರಣೆ. ಕೇಳಿದ ಅಧಿಕಾರಿ ಫೈಲಿನಿಂದ ಕಣ್ಣೆತ್ತಲಿಲ್ಲ.

"ವಾಲ್ ಬಂದ್ ಮಾಡ್ದವ್ರು ನೀವೇನ್ರಿ?"

"ಹೌದ್ರಿ ಸರ್."

"ಯಾರ ಪರ್ಮಿಶನ್ ತಗೊಂಡಿದ್ರಿ?"

"ವಾಲ್ ತೆಗೀಲಿಕ್ಕ ಯಾರ ಪರ್ಮಿಶನ್ ಇತ್ತು, ಅದನ್ನೂ ಬರ್ಕೊಳ್ರಿ ಸರ್."

ಅವರು ಬರೆದುಕೊಳ್ಳಲಿಲ್ಲ. ನನ್ನನ್ನು ಭಾಲ್ಕಿ ತಾಲೂಕಿನ ಒಂದು ಶಾಲೆಗೆ ವರ್ಗ ಮಾಡಿದರು. ಶಿಕ್ಷೆ ಎಂದುಕೊಂಡು ನನ್ನ ತವರಿಗೇ ಕಳಿಸಿದ್ದರು. ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮ ಮಕ್ಕಳ ಪರೀಕ್ಷೆ ಹತ್ತಿರವಿತ್ತು, ಅವರಿಗೆ ವಿಜ್ಞಾನ ಕಲಿಸಲು ಆ ವರ್ಷ ಇನ್ನೊಬ್ಬರನ್ನು ಕಳಿಸಲೇ ಇಲ್ಲ. ವಾಲ್ ತೆರೆಸಿದವರಿಗೆ ಏನೂ ಆಗಲಿಲ್ಲ. ಶಾಲೆಗೆ ಕೊಟ್ಟ ಟಿ.ವಿ. ಕೆಲವು ತಿಂಗಳು ಓಡಿತು. ಪುಕ್ಕಟೆಯ ಅವಧಿ ಮುಗಿದ ಮೇಲೆ ರೀಚಾರ್ಜ್ ಮಾಡಿಸಿ ಎಂಬ ಒಂದೇ ಸಾಲು ತೋರಿಸುತ್ತ ನಿಂತಿತು ಎಂದು ಹೆಡ್ ಮಾಸ್ತರರು ಫೋನಿನಲ್ಲಿ ಹೇಳಿದರು.

ಬೇಸಿಗೆಗೆ ಎರಡು ಟ್ಯಾಂಕರೂ ಸಾಲಲಿಲ್ಲ. ಪರೀಕ್ಷೆಗೆ ಮೊದಲೇ ಮಗ ಬಂದು ಅಜ್ಜಿಯನ್ನೂ ಹುಡುಗಿಯನ್ನೂ ಹೈದರಾಬಾದಿಗೆ ಕರೆದುಕೊಂಡು ಹೋದ. ಹೋಗುವ ಮುಂಚೆ ಹುಡುಗಿ ನನಗೆ ಫೋನು ಮಾಡಿ ಅತ್ತಳು. ನಾನು ಹೆಡ್ ಮಾಸ್ತರರಿಗೆ ಫೋನು ಮಾಡಿ ಜಗಳವಾಡಿದೆ: ಆಕೆಯ ಹೆಸರು ಶಾಲೆಯಿಂದ ತೆಗೆಯಕೂಡದು. ಆ ಹೆದರುಪುಕ್ಕಲ ಮನುಷ್ಯ, "ತಗಿಯಂಗಿಲ್ಲ ಬಾಯಾರ. ನಾ ಇರೋ ತನಕ ತಗಿಯಂಗಿಲ್ಲ" ಎಂದರು. ಮಾತಿನಂತೆ ನಡೆದುಕೊಂಡರು. ಮುಂದಿನ ಮುಂಗಾರು ಸುರಿದ ಮೇಲೆ ಅವರೆಲ್ಲ ಊರಿಗೆ ತಿರುಗಿ ಬಂದರು. ಹುಡುಗಿ ಮತ್ತೆ ಅದೇ ತರಗತಿಯಲ್ಲಿ ಕುಳಿತಳು. ಒಂದು ವರ್ಷ ಹೋಯಿತು ಅವಳದು, ಸುಮ್ಮನೆ ಹೋಯಿತು.

ಈಗ ಅವಳು ಬೀದರಿನಲ್ಲಿ ನರ್ಸ್. ಅಜ್ಜಿಗೆ ಕಣ್ಣು ಮಂಜಾಗಿದೆ, ದನಿ ಹಾಗೇ ಇದೆ. ಕಳೆದ ಸಲ ಆಸ್ಪತ್ರೆಗೆ ತೋರಿಸಲು ಬಂದಾಗ ಇಬ್ಬರನ್ನೂ ಭೇಟಿಯಾದೆ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಅಜ್ಜಿ ಕೇಳಿದಳು:

"ಟೀಚರಬಾಯಿ, ನೆಲಕ್ಕ ನೀರ ಹಾಕ್ಸಿದ ಆ ತಾಲೂಕಿನ ಸಾಹೇಬ ಈಗ ಎಲ್ಲಿದ್ದಾನ?"

"ಪ್ರಮೋಶನ್ ಆಗಿ ದೊಡ್ಡ ಆಫೀಸಿಗಿ ಹೋದ್ರು ಆಯಿ."

ಅಜ್ಜಿ ಚಹಾದ ಲೋಟ ಕೆಳಗಿಟ್ಟು ಇನ್ನೊಮ್ಮೆ ಬೈಯತೊಡಗಿದಳು. ಸುತ್ತಲಿನ ಜನ ತಿರುಗಿ ನೋಡಿದರು. ಮೊಮ್ಮಗಳು ಅವಳ ಕೈ ಹಿಡಿದು ಸುಮ್ಮನಾಗಿಸಲು ನೋಡಿದಳು. ನಾನು ಬೇಡ ಎಂದೆ. ಬಸ್ಸು ಬರುವವರೆಗೂ ಅವಳು ಬೈದಳು, ನಾನು ಪಕ್ಕದಲ್ಲಿ ಕುಳಿತು ಕೇಳಿದೆ.